ಅಡ್ವಾನ್ಸ್ ಕೇಳಿದರೆ ‘ನಾಳೆ ಬಾ’

ಒಂದು ಕಾಲದಲ್ಲಿ ಊರೂರಿನ ಬಾಗಿಲುಗಳ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದಿರುತ್ತಿದ್ದರು. ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತದೆ, ಬರಹ ಓದಿಕೊಂಡು ವಾಪಸು ಹೋಗುತ್ತದೆ, ಮಾರನೇ ದಿನ ಬಂದರೆ ಮತ್ತೆ ಅದೇ ಬರಹ ಎಂಬುದು ಜನರ ನಂಬಿಕೆ. ದೆವ್ವದ ಕಾಟ ಮುಗಿಯಿತು. ಆದರೆ ಆ ಎರಡು ಮಾತು ಮಾತ್ರ ದಾವಣಗೆರೆಯ ಕೆಲವು ಮನೆ ಮಾಲೀಕರ ನಾಲಿಗೆ ತುದಿಯಲ್ಲಿ ಉಳಿದುಬಿಟ್ಟಿದೆ. ಮನೆ ಖಾಲಿ ಮಾಡಿದವನು ತನ್ನ ಅಡ್ವಾನ್ಸ್ ಹಣ ಕೇಳಲು ಹೋದರೆ ಸಿಗುವ ಉತ್ತರ ಒಂದೇ: ‘ನಾಳೆ ಬಾ’.

ದೆವ್ವಕ್ಕೆ ಬೇರೆ ಕೆಲಸವಿರಲಿಲ್ಲ, ದಿನಾ ಬರುತ್ತಿತ್ತು. ಅಂಗಡಿ ಬಾಗಿಲು ತೆಗೆಯಬೇಕಾದವನು, ಎಂಟು ಗಂಟೆ ಬಸ್ಸು ಹಿಡಿಯಬೇಕಾದವನು ಎಷ್ಟು ದಿನ ಅಲೆದಾನು?

ಒಬ್ಬ ಟೈಲರ್ ಲೆಕ್ಕ

ಒಬ್ಬ ಟೈಲರ್ ಲೆಕ್ಕವನ್ನೇ ನೋಡಿ. ಹೆಸರು ಬೇಡ, ಇಂಥವರು ಊರಿನಲ್ಲಿ ಒಬ್ಬಿಬ್ಬರಲ್ಲ. ಬಾಡಿಗೆ ತಿಂಗಳಿಗೆ 6,000 ರೂ., ಅಡ್ವಾನ್ಸ್ 60,000 ರೂ. ಏಳು ವರ್ಷ ಒಂದೇ ಮನೆಯಲ್ಲಿ ಸಂಸಾರ. ತಿಂಗಳ ಐದನೇ ತಾರೀಖು ದಾಟಲು ಬಿಡದೆ ಬಾಡಿಗೆ ಕೊಟ್ಟವನು. ಮಾಲೀಕರ ಮಗನ ಮದುವೆಗೆ ಪುಕ್ಕಟೆಯಾಗಿ ಬ್ಲೌಸು ಹೊಲಿದುಕೊಟ್ಟವನು. ಈಗ ಹರಿಹರಕ್ಕೆ ಸಂಸಾರ ಸಾಗಿಸಿದ್ದಾನೆ.

ಬೀಗದ ಕೈ ಕೊಟ್ಟ ದಿನ ಮಾಲೀಕರು ಬಹಳ ಪ್ರೀತಿಯಿಂದಲೇ ಮಾತಾಡಿದರು. ‘ನಾನೆಲ್ಲಿ ಓಡಿ ಹೋಗ್ತೀನಪ್ಪ? ಹೊಸಬರು ಬರ್ಲಿ, ಅವರು ಅಡ್ವಾನ್ಸ್ ಕೊಟ್ಟ ಕೂಡ್ಲೇ ನಿನ್ ದುಡ್ಡು ನಿನ್ ಕೈಗೆ’ ಎಂದರು. ತಿಂಗಳಾಯಿತು, ಹೊಸಬರು ಬರಲಿಲ್ಲ. ಎರಡನೇ ತಿಂಗಳು ಹೋದರೆ, ‘ಯಜಮಾನ್ರು ಮನೇಲಿಲ್ಲ, ಧರ್ಮಸ್ಥಳಕ್ಕೆ ಹೋಗ್ಯಾರೆ’ ಎಂದು ಒಳಗಿನಿಂದ ಉತ್ತರ. ಮೂರನೇ ತಿಂಗಳು ಫೋನೇ ಎತ್ತಲಿಲ್ಲ. ಹರಿಹರದಿಂದ ದಾವಣಗೆರೆಗೆ ಬಂದು ಹೋದರೆ ಟೈಲರನಿಗೆ ಅರ್ಧ ದಿನದ ಹೊಲಿಗೆ ಹೋಯಿತು. ಕೊನೆಗೆ ಹೆಂಡತಿಯನ್ನು ಕಳಿಸಲು ಶುರು ಮಾಡಿದ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ 2023ರಿಂದ ಟಿಕೆಟ್ ಇಲ್ಲವಲ್ಲ, ಅದೊಂದು ಪುಣ್ಯ.

ಐದನೇ ತಿಂಗಳು ಕೈಗೆ ಒಂದು ಚೀಟಿ ಬಂತು. ಪೇಂಟಿಂಗ್ 12,000. ಕಮೋಡ್ 4,500. ನೀರಿನ ಮೋಟಾರು 3,500. ಸ್ವಿಚ್ ಬೋರ್ಡು 2,800. ಕ್ಲೀನಿಂಗ್ 2,000. ಗೋಡೆಗೆ ಮೊಳೆ ಹೊಡೆದ ತೂತು ಮುಚ್ಚಲು 1,500. ಒಟ್ಟು 26,300 ರೂ. ಮುರಿದುಕೊಂಡು ಉಳಿದ 33,700 ರೂಪಾಯಿ ಎಣಿಸಿ ಕೊಟ್ಟರು.

ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಹರಿಹರದ ಮನೆಗೆ ಅಡ್ವಾನ್ಸ್ ಕೊಡಲು ಇದೇ ಟೈಲರ್ ನೂರಕ್ಕೆ ಮೂರರ ಬಡ್ಡಿಗೆ 60,000 ಕೈಸಾಲ ಮಾಡಿದ್ದ. ತಿಂಗಳಿಗೆ 1,800ರಂತೆ ಐದು ತಿಂಗಳಿಗೆ ಬಡ್ಡಿ 9,000. ಅಂದರೆ ಏಳು ವರ್ಷದ ಹಿಂದೆ ಕೊಟ್ಟ 60,000ದಲ್ಲಿ ಅವನಿಗೆ ದಕ್ಕಿದ್ದು 24,700 ರೂಪಾಯಿ. ಉಳಿದದ್ದು ಎಲ್ಲಿ ಹೋಯಿತು ಎಂದು ಕೇಳಿದರೆ ಗೋಡೆ ತೋರಿಸುತ್ತಾರೆ.

ಅವನ ಟೋಪಿ ಇವನಿಗೆ

ಮಾಲೀಕರೆಲ್ಲ ಕಟುಕರು ಎಂದರೆ ತಪ್ಪಾಗುತ್ತದೆ. ಹಣ ಇಟ್ಟುಕೊಂಡು ಸತಾಯಿಸುವವರು ಕೆಲವರಿದ್ದಾರೆ. ಹಲವರ ಕೈಯಲ್ಲಿ ಹಣವೇ ಇರುವುದಿಲ್ಲ ಎಂಬುದು ದಿಟ. ಅಡ್ವಾನ್ಸ್ ಬಂದ ದಿನವೇ ಅದು ಮೇಲಿನ ಮಹಡಿಯ ಮೋಲ್ಡಿಂಗಿಗೋ ಮಗಳ ಮದುವೆ ಛತ್ರಕ್ಕೋ ಹಳೇ ಬಾಡಿಗೆದಾರನ ಬಾಕಿಗೋ ಹೋಗಿರುತ್ತದೆ. ಹೊಸಬ ಬಂದು ಕೊಟ್ಟರೆ ಹಳಬನಿಗೆ ಹೋಗುತ್ತದೆ. ಅವನ ಟೋಪಿ ಇವನಿಗೆ, ಇವನ ಟೋಪಿ ಮತ್ತೊಬ್ಬನಿಗೆ. ‘ಟು ಲೆಟ್’ ಬೋರ್ಡು ಮೂರು ತಿಂಗಳು ಗೇಟಿನಲ್ಲಿ ನೇತಾಡಿತೋ, ಈ ಸರಪಳಿ ಅಲ್ಲಿಗೆ ಕಡಿಯಿತು.

ತಪ್ಪು ಇರುವುದು ಇಲ್ಲೇ. ಅಡ್ವಾನ್ಸ್ ಮಾಲೀಕನ ಆದಾಯವಲ್ಲ. ಅದು ಬಾಡಿಗೆದಾರನ ಹಣ. ಬಾಡಿಗೆ ಬಾಕಿಗೆ, ಹಾಳು ಮಾಡಿದ ಸಾಮಾನಿಗೆ ಆಧಾರವಾಗಿ ಮಾಲೀಕನ ಹತ್ತಿರ ಇಟ್ಟ ಹಣ. ಬಡ್ಡಿಯಿಲ್ಲದೆ ಇಷ್ಟು ವರ್ಷ ಕೊಟ್ಟ ಸಾಲ ಎಂದರೂ ಸರಿಯೇ. ಅದೇ 60,000 ವರ್ಷಕ್ಕೆ ನೂರಕ್ಕೆ ಆರರಂತೆ ಬ್ಯಾಂಕಿನಲ್ಲಿದ್ದರೆ ವರ್ಷಕ್ಕೆ 3,600, ಏಳು ವರ್ಷಕ್ಕೆ 25,200 ರೂ. ಬಡ್ಡಿಯೇ ಬರುತ್ತಿತ್ತು. ಪೇಂಟಿಂಗಿಗೂ ಕಮೋಡಿಗೂ ಮೋಟಾರಿಗೂ ಅದರಲ್ಲೇ ಆಗಿ ಇನ್ನೂ ಮಿಗುತ್ತಿತ್ತು. ಆ ಲಾಭವನ್ನು ಇಷ್ಟು ವರ್ಷ ಉಂಡವರು ಕೊನೆಗೆ ಮೊಳೆಯ ತೂತಿಗೂ ಲೆಕ್ಕ ಬರೆಯುವುದು ಯಾವ ನ್ಯಾಯ?

ಸುಣ್ಣಬಣ್ಣ ಯಾರ ಖರ್ಚು?

ಮುರಿದುಕೊಳ್ಳುವ ಲೆಕ್ಕದಲ್ಲಿ ದೊಡ್ಡ ಜಗಳ ಪೇಂಟಿಂಗಿನದು. ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆ ಪೇಂಟಿಂಗಿಗೆ ಬಿಡಬೇಕು ಎಂಬ ರೂಢಿ ಬೆಂಗಳೂರಿನಲ್ಲಿ ಬೇರು ಬಿಟ್ಟಿದೆ, ಅಲ್ಲಿಂದ ಈ ಕಡೆಗೂ ಹಬ್ಬಿದೆ. ಕರಾರಿನಲ್ಲಿ ಹಾಗೆಂದು ಬರೆದು ಸಹಿ ಹಾಕಿದ್ದರೆ ಮಾತು ಬೇರೆ. ಬರೆದಿಲ್ಲದಿದ್ದರೆ ರೂಢಿ ಎನ್ನುವುದು ಬಾಯಿ ಮಾತು.

1882ರ ಸ್ವತ್ತು ವರ್ಗಾವಣೆ ಕಾಯಿದೆ ಇವತ್ತಿಗೂ ಜಾರಿಯಲ್ಲಿದೆ. ಅದರ 108ನೇ ಕಲಮು ಹೇಳುವುದು ಇಷ್ಟು: ಬಾಡಿಗೆದಾರ ಮನೆಯನ್ನು ತಾನು ಪಡೆದ ಸ್ಥಿತಿಯಲ್ಲೇ ಒಪ್ಪಿಸಬೇಕು, ಆದರೆ ಬಳಕೆಯಿಂದ ಸಹಜವಾಗಿ ಆಗುವ ಸವೆತ ಅವನ ಮೇಲೆ ಬೀಳುವುದಿಲ್ಲ. ಏಳು ವರ್ಷಕ್ಕೆ ಗೋಡೆಯ ಬಣ್ಣ ಮಾಸುವುದು, ನಲ್ಲಿಯ ವಾಷರ್ ಸವೆಯುವುದು, ಬಾಗಿಲಿನ ಚಿಲಕ ಸಡಿಲವಾಗುವುದು ಸವೆತ. ವಾಶ್ ಬೇಸಿನ್ ಒಡೆಯುವುದು, ಸ್ವಿಚ್ ಬೋರ್ಡು ಕಿತ್ತು ಹೋಗುವುದು, ಕಿಟಕಿ ಗಾಜು ಪುಡಿಯಾಗುವುದು ಹಾನಿ. ಮೊದಲನೆಯದು ಮಾಲೀಕನ ಖರ್ಚು, ಎರಡನೆಯದು ಬಾಡಿಗೆದಾರನದು. ಈ ಗೆರೆ ಎಲ್ಲಿದೆ ಎಂದು ಗೊತ್ತಿದ್ದರೆ ಅರ್ಧ ಜಗಳ ಬಾಗಿಲಲ್ಲೇ ತೀರುತ್ತದೆ.

ಕೇಂದ್ರ ಸರ್ಕಾರ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯಲ್ಲಂತೂ ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗೆ ಬಣ್ಣ ಮಾಲೀಕನ ಕೆಲಸ ಎಂದು ಪಟ್ಟಿಯಲ್ಲೇ ಹಾಕಿದ್ದಾರೆ.

ಮಾಲೀಕರ ಗೋಳೂ ಇದೆ

ಇನ್ನೊಂದು ಮಗ್ಗುಲನ್ನೂ ನೋಡಬೇಕು. ನಿವೃತ್ತ ಮೇಷ್ಟರು ಬಂದ ಹಣವನ್ನೆಲ್ಲ ಸುರಿದು ಮೇಲೊಂದು ಮನೆ ಕಟ್ಟಿಸಿರುತ್ತಾರೆ. ಅದರ ಬಾಡಿಗೆಯೇ ಔಷಧಿ ಖರ್ಚಿಗೆ ಆಧಾರ. ಬಾಡಿಗೆದಾರ ನಾಲ್ಕು ತಿಂಗಳು ಬಾಡಿಗೆ ನಿಲ್ಲಿಸಿ, ಕೇಳಿದರೆ ‘ಅಡ್ವಾನ್ಸಲ್ಲಿ ಮುರ್ಕೊಳ್ರಿ’ ಎನ್ನುತ್ತಾನೆ. ಖಾಲಿ ಮಾಡಿ ಹೋದ ಮೇಲೆ ಬೆಸ್ಕಾಂ ಬಿಲ್ಲಿನ ಹಳೇ ಬಾಕಿ ಹೊರಗೆ ಬರುತ್ತದೆ. ಒಳಗೆ ಹೋದರೆ ಸಿಂಕು ಒಡೆದಿದೆ, ಫ್ಯಾನು ಮಾಯವಾಗಿದೆ.

‘ಅಡ್ವಾನ್ಸಲ್ಲಿ ಮುರ್ಕೊಳ್ರಿ’ ಎನ್ನುವವರು ಹೆಚ್ಚಿದ್ದಾರೆ. ಕೊನೆಗೆ ಹಣ ವಾಪಸು ಬರುವುದಿಲ್ಲ ಎಂಬ ಭಯಕ್ಕೆ ಅವರು ಮೊದಲೇ ಬಾಡಿಗೆ ನಿಲ್ಲಿಸುತ್ತಾರೆ. ಹೀಗೆ ಬಾಡಿಗೆ ನಿಲ್ಲಿಸಿ ಹೋಗಿಬಿಟ್ಟಾರು ಎಂಬ ಭಯಕ್ಕೆ ಮಾಲೀಕ ಹೆಚ್ಚು ಅಡ್ವಾನ್ಸ್ ಕೇಳುತ್ತಾನೆ. ಒಬ್ಬರ ಭಯ ಇನ್ನೊಬ್ಬರ ಭಯವನ್ನು ಸಾಕುತ್ತಿದೆ. ಈ ನಡುವೆ ಸಾಯುವವನು ನೆಟ್ಟಗೆ ಬಾಡಿಗೆ ಕಟ್ಟಿಕೊಂಡು ಬಂದವನು, ನೆಟ್ಟಗೆ ಅಡ್ವಾನ್ಸ್ ವಾಪಸು ಕೊಡುವವನು.

ಅಂಗಡಿಕಾರರ ಪಾಡು

ಮನೆಯವರ ಕತೆ ಇದಾದರೆ ಮಂಡಿಪೇಟೆ, ಅಶೋಕ ರಸ್ತೆ ಕಡೆ ಮಳಿಗೆ ಹಿಡಿದವರದು ಇನ್ನೂ ಭಾರ. ಮಳಿಗೆಯ ಅಡ್ವಾನ್ಸ್ ಲಕ್ಷಗಳಲ್ಲಿ. ಕರಾರಿನಲ್ಲಿ ಬರೆಯುವುದು ಒಂದು, ಕೈಗೆ ಕೊಡುವುದು ಇನ್ನೊಂದು. ‘ಎರಡು ಲಕ್ಷ ಪೇಪರ್‌ನಾಗೆ ಇರ್ಲಿ, ಮೂರು ಕ್ಯಾಶ್ ಕೊಡ್ರಿ’ ಎಂದರೆ ಅಂಗಡಿ ಸಿಕ್ಕಿದರೆ ಸಾಕೆಂದು ಒಪ್ಪುತ್ತಾರೆ. ಬಿಡುವ ದಿನ ಕಾಗದದ ಎರಡು ಲಕ್ಷ ಮಾತ್ರ ಮಾತಾಡುತ್ತದೆ, ಉಳಿದ ಮೂರು ಲಕ್ಷ ಮೂಕವಾಗುತ್ತದೆ. ತಾನೂ ಒಪ್ಪಿ ಕೊಟ್ಟದ್ದಾದ್ದರಿಂದ ಅಂಗಡಿಕಾರ ಯಾರ ಮುಂದೆಯೂ ಬಾಯಿ ಬಿಡುವ ಹಾಗಿಲ್ಲ.

ಕಟ್ಟಡ ಕೈ ಬದಲಾದರೆ ಇನ್ನೊಂದು ಫಜೀತಿ. ‘ನನ್ ಕೈಗೆ ಕೊಟ್ಟಿದ್ದೀರೇನ್ರಿ?’ ಎಂದು ಹೊಸ ಮಾಲೀಕ. ‘ಕಟ್ಟಡದ ಜೊತೆ ಎಲ್ಲಾ ಅವರಿಗೇ ಬಿಟ್ಟೀನಿ’ ಎಂದು ಹಳೇ ಮಾಲೀಕ. ಮಧ್ಯದಲ್ಲಿ ಅಂಗಡಿಕಾರ ಚೆಂಡಿನಂತೆ. ಕಟ್ಟಡ ಮಾರಾಟದ ಸುದ್ದಿ ಕಿವಿಗೆ ಬಿದ್ದ ದಿನವೇ ಅಡ್ವಾನ್ಸ್ ಯಾರ ಜವಾಬ್ದಾರಿ ಎಂದು ಇಬ್ಬರಿಂದಲೂ ಬರೆಸಿಕೊಳ್ಳಬೇಕು. ಬಾಡಿಗೆ ಇನ್ನು ಯಾರಿಗೆ ಕೊಡಬೇಕು ಎಂಬುದಕ್ಕೂ ಅದೇ ಕಾಗದ ಆಧಾರ.

ಬಾಡಿಗೆ ಕಾಯಿದೆ ಕಾಪಾಡುವುದಿಲ್ಲವೇ?

‘ಬಾಡಿಗೆ ಕಾಯಿದೆ ಇದೆಯಲ್ಲ’ ಎಂದು ಹಿರಿಯರು ಹೇಳುತ್ತಾರೆ. ಅವರ ತಲೆಯಲ್ಲಿರುವುದು 1961ರ ಹಳೇ ಬಾಡಿಗೆ ನಿಯಂತ್ರಣ ಕಾಯಿದೆ. ಅದು ಹೋಗಿ 1999ರ ಕರ್ನಾಟಕ ಬಾಡಿಗೆ ಕಾಯಿದೆ ಬಂತು, 2001ರ ಕೊನೆಯ ದಿನದಿಂದ ಜಾರಿಯಾಯಿತು. ಆದರೆ ಅದರಲ್ಲೇ ಬೇಲಿ ಹಾಕಿದ್ದಾರೆ. ಪ್ರದೇಶಕ್ಕೆ ತಕ್ಕಂತೆ ತಿಂಗಳ ಬಾಡಿಗೆ 3,500 ಅಥವಾ 2,000 ರೂ. ಮೀರಿದ ಕಟ್ಟಡಕ್ಕೆ ಆ ಕಾಯಿದೆ ಅನ್ವಯಿಸುವುದಿಲ್ಲ. ಅಂಗಡಿಗಾದರೆ 14 ಚದರ ಮೀಟರ್, ಅಂದರೆ ಸುಮಾರು 150 ಚದರ ಅಡಿಗಿಂತ ದೊಡ್ಡದು ಬೇಲಿಯಾಚೆ. ಇವತ್ತು ಎರಡು ಸಾವಿರಕ್ಕೆ ಮನೆ ಎಲ್ಲಿದೆ? ಹೀಗಾಗಿ ಬಹುಪಾಲು ಬಾಡಿಗೆದಾರರಿಗೆ ಉಳಿದಿರುವುದು ತಮ್ಮ ಕರಾರು ಪತ್ರ, ಅದಿಲ್ಲದ ಕಡೆ 1882ರ ಕಾಯಿದೆ, ಸಿವಿಲ್ ಕೋರ್ಟು.

ಆ ಕರಾರು ಪತ್ರವಾದರೂ ಹೇಗಿರುತ್ತದೆ? ಹನ್ನೊಂದು ತಿಂಗಳಿಗೆ ಮಾಡುತ್ತಾರೆ. ಒಂದು ವರ್ಷ ಮೀರಿದರೆ ನೋಂದಣಿ ಮಾಡಿಸಬೇಕು, ಆ ಖರ್ಚು ತಪ್ಪಿಸಲು ಈ ಹನ್ನೊಂದು. ಟೈಪ್ ಮಾಡುವವನ ಹತ್ತಿರ ಮೊದಲೇ ಅಚ್ಚಾದ ಒಕ್ಕಣೆ ಇರುತ್ತದೆ. ಅದರಲ್ಲಿ ಬಾಡಿಗೆದಾರ ಮಾಡಬೇಕಾದ್ದು ಒಂದು ಪುಟ, ಮಾಲೀಕ ಅಡ್ವಾನ್ಸ್ ಎಷ್ಟು ದಿನದೊಳಗೆ ವಾಪಸು ಕೊಡಬೇಕು ಎಂಬ ಒಂದು ಸಾಲು ಹುಡುಕಿದರೂ ಸಿಗುವುದಿಲ್ಲ. ಹನ್ನೊಂದು ತಿಂಗಳು ಮುಗಿದ ಮೇಲೆ ಹೊಸ ಕರಾರು ಮಾಡುವವರು ಅಪರೂಪ. ಬಾಡಿಗೆ ಮಾತ್ರ ಬಾಯಿ ಮಾತಿನಲ್ಲಿ ಏರುತ್ತಾ ಹೋಗುತ್ತದೆ.

ಜಗಳ ಬಿಡುವ ದಿನದ್ದಲ್ಲ, ಹೊಕ್ಕ ದಿನದ್ದು

ಅಡ್ವಾನ್ಸ್ ಕಳೆದುಕೊಂಡವರು ಖಾಲಿ ಮಾಡುವ ದಿನವನ್ನು ಶಪಿಸುತ್ತಾರೆ. ನಿಜವಾಗಿ ಆ ಹಣ ಕಳೆದದ್ದು ಹಾಲು ಉಕ್ಕಿಸಿದ ದಿನವೇ. ಅಂದು ಎಲ್ಲರೂ ಒಳ್ಳೆಯವರು. ‘ಅಯ್ಯೋ, ಅದಕ್ಕೆಲ್ಲಾ ಬರಹ ಯಾಕ್ರಿ, ನಾವು ಅಂಥವರಲ್ಲ’ ಎಂಬ ಮಾತಿಗೆ ಸಂಕೋಚಪಟ್ಟು ಸುಮ್ಮನಾಗುತ್ತಾರೆ. ಸಂಕೋಚದ ಬೆಲೆ ಏಳು ವರ್ಷದ ಮೇಲೆ ಗೊತ್ತಾಗುತ್ತದೆ.

ಹೊಕ್ಕುವ ದಿನ ಮಾಡಬೇಕಾದದ್ದು ದೊಡ್ಡದೇನಲ್ಲ. ಅಡ್ವಾನ್ಸನ್ನು ಚೆಕ್ಕಿನಲ್ಲೋ ಬ್ಯಾಂಕಿನ ಮೂಲಕವೋ ಫೋನ್‌ಪೇಯಲ್ಲೋ ಕೊಡುವುದು. ನಗದು ಕೊಡಲೇಬೇಕಾದರೆ ಪೂರ್ತಿ ಮೊತ್ತಕ್ಕೆ ಸಹಿ ಹಾಕಿದ ರಸೀದಿ ಪಡೆಯುವುದು. ಸಾಮಾನು ಇಳಿಸುವ ಮುಂಚೆ ಗೋಡೆ, ನಲ್ಲಿ, ಕಮೋಡು, ಸ್ವಿಚ್ಚು, ಕಿಟಕಿ ಎಲ್ಲದರ ಫೋಟೋ ತೆಗೆದು ಅಂದೇ ಮಾಲೀಕರ ವಾಟ್ಸಾಪಿಗೆ ಕಳಿಸುವುದು. ಮೊದಲೇ ಒಡೆದದ್ದು ಇದ್ದರೆ ಬಾಯಲ್ಲಿ ಹೇಳದೆ ಅದರಲ್ಲೇ ಬರೆಯುವುದು. ಕರೆಂಟ್ ಮೀಟರಿನ ಅಂಕೆಯ ಫೋಟೋ ಮರೆಯಬಾರದು. ಕರಾರಿನಲ್ಲಿ ಎರಡು ಸಾಲು ಹೆಚ್ಚಿಗೆ ಬರೆಸಬೇಕು: ಬೀಗದ ಕೈ ಕೊಟ್ಟ ಎಷ್ಟು ದಿನದೊಳಗೆ ಅಡ್ವಾನ್ಸ್ ವಾಪಸು, ಯಾವುದಕ್ಕೆ ಮುರಿದುಕೊಳ್ಳಬಹುದು ಯಾವುದಕ್ಕೆ ಇಲ್ಲ.

ಭೋಗ್ಯಕ್ಕೆ ಮನೆ ಹಿಡಿಯುವವರು ಇದರ ಮೇಲೆ ಇನ್ನೊಂದು ಎಚ್ಚರ ವಹಿಸಬೇಕು. ಬಾಡಿಗೆಯಿಲ್ಲ ಎಂಬ ಆಸೆಗೆ ಜೀವಮಾನದ ಉಳಿತಾಯವೇ ಒಂದೇ ಗಂಟಾಗಿ ಮಾಲೀಕನ ಕೈ ಸೇರುತ್ತದೆ. ಆ ಮನೆಯ ಮೇಲೆ ಬ್ಯಾಂಕಿನ ಸಾಲ ಇದೆಯೇ ಎಂದು ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಋಣಭಾರ ಪತ್ರ ತೆಗೆಸಿ ನೋಡದೆ, ಪತ್ರ ನೋಂದಣಿ ಮಾಡಿಸದೆ ಒಂದು ರೂಪಾಯಿಯನ್ನೂ ಕೊಡಬಾರದು.

ಬಿಡುವ ದಿನ ಖಾಲಿ ಮಾಡುವ ಮಾತನ್ನು ಬರೆದು ತಿಳಿಸಬೇಕು. ಕರಾರಿನಲ್ಲಿ ಎಷ್ಟು ತಿಂಗಳೆಂದಿದೆಯೋ ಅಷ್ಟು ಮುಂಚೆ ತಿಳಿಸಬೇಕು. ಕರಾರೇ ಇಲ್ಲದ ತಿಂಗಳ ಬಾಡಿಗೆಗೆ ಕಾಯಿದೆ ಹೇಳುವುದು ಹದಿನೈದು ದಿನ. ಇಲ್ಲದಿದ್ದರೆ ‘ಮುಂಚೆ ಹೇಳ್ಲಿಲ್ಲ’ ಎಂದು ಒಂದು ತಿಂಗಳ ಬಾಡಿಗೆಗೆ ಕತ್ತರಿ ಬೀಳುತ್ತದೆ. ಬಾಡಿಗೆ, ಕರೆಂಟು, ನೀರು ಚುಕ್ತಾ ಮಾಡಿ, ಮಾಲೀಕರ ಜೊತೆ ಮನೆ ಸುತ್ತಿ ನೋಡಿ, ಹಾನಿ ಏನಿದೆಯೋ ಅಲ್ಲೇ ಬರೆದು ಇಬ್ಬರೂ ಸಹಿ ಹಾಕಬೇಕು. ರಿಪೇರಿಗೆ ಮುರಿದುಕೊಂಡರೆ ಬಿಲ್ಲು ಕೇಳುವುದು ಅವಮಾನವಲ್ಲ. ಒಂದು ಕೈಯಲ್ಲಿ ಬೀಗದ ಕೈ, ಇನ್ನೊಂದು ಕೈಯಲ್ಲಿ ಹಣ ಎನ್ನುವುದೇ ಸರಿಯಾದ ವ್ಯವಹಾರ.

ಕೊಡದಿದ್ದರೆ ಎಲ್ಲಿಗೆ ಹೋಗುವುದು?

ಬಹಳ ಜನ ಮೊದಲು ಓಡುವುದು ಪೊಲೀಸ್ ಠಾಣೆಗೆ. ಅಲ್ಲಿ ‘ಇದು ಸಿವಿಲ್ ವ್ಯಾಜ್ಯ’ ಎಂದು ಕಳಿಸುತ್ತಾರೆ. ಕಳಿಸುವುದು ಸರಿಯೂ ಹೌದು, ಹಣ ವಸೂಲಿ ಠಾಣೆಯ ಕೆಲಸವಲ್ಲ.

ಮೊದಲ ಹೆಜ್ಜೆ ಒಂದು ಕಾಗದ. ಎಷ್ಟು ಕೊಟ್ಟದ್ದು, ಯಾವತ್ತು ಬೀಗ ಒಪ್ಪಿಸಿದ್ದು, ಎಷ್ಟು ಬರಬೇಕು, ಎಷ್ಟು ದಿನದೊಳಗೆ ಎಂದು ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಬೇಕು. ಅದಕ್ಕೂ ಬಗ್ಗದಿದ್ದರೆ ವಕೀಲರ ನೋಟೀಸು. ಎಷ್ಟೋ ‘ನಾಳೆ ಬಾ’ಗಳು ನೋಟೀಸು ಕಂಡ ಮೇಲೆ ‘ಇವತ್ತೇ ಬನ್ರಿ’ ಆಗುತ್ತವೆ.

ಕೋರ್ಟಿನ ಖರ್ಚಿಗೆ ಹೆದರುವವರಿಗೆ ಇನ್ನೊಂದು ದಾರಿಯಿದೆ. ಕೋರ್ಟಿನ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ತಾಲ್ಲೂಕುಗಳಲ್ಲಿ ಸಮಿತಿಗಳಿವೆ. 1987ರ ಕಾಯಿದೆಯ ಕೆಳಗೆ ಬಂದವು. ದಾವೆ ಹೂಡುವ ಮುಂಚೆಯೇ ಒಂದು ಅರ್ಜಿ ಕೊಟ್ಟರೆ ಎದುರಿನವರಿಗೆ ಕರೆ ಹೋಗುತ್ತದೆ, ಮಾತುಕತೆಗೆ ಕೂರಿಸುತ್ತಾರೆ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಅದು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲಿಲ್ಲ. ಕೋರ್ಟ್ ಫೀ ಇಲ್ಲ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಡಿಮೆ ವರಮಾನದವರಿಗೆ ವಕೀಲರೂ ಪುಕ್ಕಟೆ. ಒಂದೇ ಕೊರತೆ, ಎದುರಿನವರು ಒಪ್ಪದಿದ್ದರೆ ರಾಜಿಯಿಲ್ಲ. ಆಗ ದಾವೆಯೇ ಗತಿ.

ಮಾಲೀಕರು ಚೆಕ್ಕು ಕೊಟ್ಟು ಅದು ಬೌನ್ಸ್ ಆದರೆ ಸುಮ್ಮನೆ ಕೂರಬಾರದು. ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟೀಸು ಕೊಡಬೇಕು. ನೋಟೀಸು ಮುಟ್ಟಿದ 15 ದಿನದಲ್ಲಿ ಹಣ ಬಾರದಿದ್ದರೆ, ಆಮೇಲೆ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ದೂರು ಕೊಡಬೇಕು. ಗಡುವು ತಪ್ಪಿದರೆ ಆ ಅಸ್ತ್ರ ಮೊಂಡಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಗಡುವು ಮೂರು ವರ್ಷದ್ದು. ಹಣ ಬರಬೇಕಾದ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡದಿದ್ದರೆ ಕೋರ್ಟಿನ ಬಾಗಿಲು ಮುಚ್ಚುತ್ತದೆ. ಬಾಯಿ ಮಾತಿನ ‘ನಾಳೆ ಬಾ’ಗೆ ಈ ಗಡಿಯಾರ ನಿಲ್ಲುವುದಿಲ್ಲ. ಅವಧಿ ಮುಗಿಯುವ ಮುಂಚೆ ‘ಇಷ್ಟು ಕೊಡಬೇಕಾಗಿದೆ’ ಎಂದು ಮಾಲೀಕರು ಬರೆದು ಸಹಿ ಹಾಕಿದರೆ ಮಾತ್ರ ಲೆಕ್ಕ ಹೊಸದಾಗಿ ಶುರು. ಸತಾಯಿಸುವವರಿಗೆ ಇದು ಚೆನ್ನಾಗಿ ಗೊತ್ತು. ಅಲೆಯುವವರಿಗೆ ಗೊತ್ತಿಲ್ಲ.

ಸರ್ಕಾರ ಮಾಡಬೇಕಾದ್ದು

ಇಷ್ಟೆಲ್ಲ ಎಚ್ಚರವನ್ನು ಒಬ್ಬ ಟೈಲರ್, ಒಬ್ಬ ಬೀಡಾ ಅಂಗಡಿಯವ ಒಂಟಿಯಾಗಿ ವಹಿಸಬೇಕೇ? ಮಾದರಿ ಕಾಯಿದೆಯಲ್ಲಿ ದಾರಿ ಇದೆ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆ, ಅಂಗಡಿಗೆ ಆರು ತಿಂಗಳ ಬಾಡಿಗೆ ಮೀರಿ ಅಡ್ವಾನ್ಸ್ ಪಡೆಯುವ ಹಾಗಿಲ್ಲ. ಮನೆ ಒಪ್ಪಿಸಿದ ದಿನವೇ ಬಾಕಿ ಮುರಿದು ಉಳಿದದ್ದನ್ನು ಕೊಡಬೇಕು. ಆದರೆ ಅದು ಹೆಸರಿಗೆ ತಕ್ಕಂತೆ ಮಾದರಿ ಮಾತ್ರ, ರಾಜ್ಯ ತನ್ನ ಕಾಯಿದೆ ಮಾಡಿದಲ್ಲಿ ಮಾತ್ರ ಅದಕ್ಕೆ ಹಲ್ಲು ಬರುತ್ತದೆ.

ಬೇರೆ ದೇಶಗಳಲ್ಲಿ ಇನ್ನೊಂದು ಉಪಾಯವಿದೆ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 1977ರ ಕಾಯಿದೆಯಿಂದ ಅಡ್ವಾನ್ಸ್ ಮಾಲೀಕನ ಜೇಬಿಗೆ ಹೋಗುವುದಿಲ್ಲ, ಸರ್ಕಾರದ ಒಂದು ಮಂಡಳಿಯಲ್ಲಿ ಕೂರುತ್ತದೆ. ಇಂಗ್ಲೆಂಡಿನಲ್ಲೂ 2007ರಿಂದ ಸರ್ಕಾರ ಒಪ್ಪಿದ ಯೋಜನೆಯಲ್ಲಿ ಹಣಕ್ಕೆ ರಕ್ಷಣೆ ಕೊಡಲೇಬೇಕು. ಮೂರನೆಯವರ ಹತ್ತಿರ ಹಣ ಭದ್ರವಾಗಿದ್ದರೆ ಮೇಷ್ಟರಿಗೂ ಭಯವಿಲ್ಲ, ಟೈಲರಿಗೂ ಭಯವಿಲ್ಲ. ಟೋಪಿ ತಿರುಗಿಸುವ ಪ್ರಶ್ನೆಯೇ ಬರುವುದಿಲ್ಲ.

ಆ ದಿನ ಬರುವ ತನಕ ಊರಿನ ಮಾಲೀಕರಿಗೆ ಒಂದೇ ಮಾತು. ಅಡ್ವಾನ್ಸ್ ಬಂದ ದಿನ ಅದನ್ನು ಬ್ಯಾಂಕಿನಲ್ಲಿ ಬೇರೆ ಇಟ್ಟುಬಿಡಿ. ಬಡ್ಡಿ ಬೇಕಾದರೆ ನಿಮಗಿರಲಿ, ಅಸಲು ಅವನದು. ಅದು ಅವನ ಮುಂದಿನ ಮನೆಯ ಬಾಗಿಲು, ಮಗಳ ಕಾಲೇಜಿನ ಫೀಸು. ತಿಂಗಳ ಐದನೇ ತಾರೀಖು ಬಾಡಿಗೆ ಕೇಳುವಾಗ ಯಾರೂ ‘ನಾಳೆ ಕೊಡು’ ಎನ್ನುವುದಿಲ್ಲ. ಬೀಗದ ಕೈ ಪಡೆದ ದಿನವೂ ಅದೇ ನಿಯತ್ತು ಇರಲಿ.